ಎಲ್ಲರೂ ನೆಮ್ಮದಿಯಿಂದ ಬಂದು ಹೋಗುವ ಕಾರ್ಯಕ್ರಮ: ಸಂಘಟಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಶನಿವಾರ ಬಂತೆಂದರೆ ಎಲ್ಲೋ ಒಂದು ಕಡೆ ಸಾಫ್ಟ್‌ವೇರ್‌ನವರು ಸೇರುವ ಮೀಟಪ್, ಇನ್ನೊಂದು ಕಡೆ ವರ್ಕ್‌ಶಾಪ್, ಮತ್ತೊಂದು ಕಡೆ ಎರಡು ದಿನದ ಕಾನ್ಫರೆನ್ಸ್. ಈಗ ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಹುಡುಗರು ಹುಡುಗಿಯರು ಸೇರಿಕೊಂಡು ಇಂಥವನ್ನು ನಡೆಸುತ್ತಿದ್ದಾರೆ. ಕುರ್ಚಿ ಹಾಕುವುದರಿಂದ ಹಿಡಿದು ದೂರು ಕೇಳಿಸಿಕೊಳ್ಳುವವರೆಗೆ ಇಲ್ಲಿನ ಎಲ್ಲ ಕೆಲಸವನ್ನೂ ನಾನು ಮಾಡಿದ್ದೇನೆ. ಹೊಸದಾಗಿ ಸಂಘಟನೆಗೆ ಇಳಿದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಂದೇ ಕಡೆ ಬರೆದಿಟ್ಟರೆ ಅನುಕೂಲ ಅಂತ ಬರೆದಿದ್ದೇನೆ.

ನಮ್ಮದು ಮೂವತ್ತು ಜನರ ಮೀಟಪ್. ಎಲ್ಲರೂ ಪರಿಚಯದವರೇ. ನಡವಳಿಕೆಯ ನಿಯಮ, ದೂರು ಕೇಳುವವರು ಅಂತ ನಮಗೂ ಇದೆಲ್ಲ ಬೇಕಾ?

ಬೇಕು. ಪರಿಚಯದವರೇ ಬರುತ್ತಿದ್ದಾರೆ ಅಂದರೆ, ಪರಿಚಯ ಇಲ್ಲದವರು ಯಾಕೆ ಬರುತ್ತಿಲ್ಲ ಅಂತ ಯೋಚಿಸಬೇಕಲ್ವಾ? ಒಮ್ಮೆ ಬಂದು, ಮುಜುಗರವಾಗಿ, ಮತ್ತೆ ಈ ಕಡೆ ತಲೆ ಹಾಕದವರು ಯಾರಿಗೂ ದೂರು ಕೊಡುವುದಿಲ್ಲ. ಅವರು ಸುಮ್ನೆ ಬರುವುದನ್ನು ನಿಲ್ಲಿಸುತ್ತಾರೆ. ನಮಗೆ ಕಾಣುವುದು ಉಳಿದವರ ಮುಖ ಮಾತ್ರ. ಅವರೆಲ್ಲ ಖುಷಿಯಾಗಿಯೇ ಇರುತ್ತಾರೆ.

ಕೋಡ್ ಆಫ್ ಕಂಡಕ್ಟ್ ಅಂತಾರಲ್ಲ, ಅದು ಎಲ್ಲಿಂದ ಬಂತು? ನಮ್ಮದನ್ನು ಹೇಗೆ ಬರೆಯುವುದು?

ನಮ್ಮ ಕಾರ್ಯಕ್ರಮದಲ್ಲಿ ಹೇಗಿರಬೇಕು, ಹೇಗಿರಬಾರದು, ಯಾರಾದರೂ ಮೀರಿದರೆ ಏನು ಮಾಡುತ್ತೇವೆ ಅಂತ ಮೊದಲೇ ಬರೆದು ಹೇಳುವ ನಿಯಮ ಅದು. ಕಂಪ್ಯೂಟರ್ ಲೋಕದ ಕಾನ್ಫರೆನ್ಸ್‌ಗಳಲ್ಲಿ ಇದು ರೂಢಿಗೆ ಬರಲು ಮುಖ್ಯ ಕಾರಣ ಏಡಾ ಇನಿಶಿಯೇಟಿವ್ ಎಂಬ ಸಂಸ್ಥೆ. ವ್ಯಾಲೆರಿ ಅರೋರಾ ಮತ್ತು ಮೇರಿ ಗಾರ್ಡಿನರ್ 2011ರಲ್ಲಿ ಅದನ್ನು ಶುರು ಮಾಡಿದರು. ಓಪನ್ ಸೋರ್ಸ್, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಡುವ ಸಾಫ್ಟ್‌ವೇರಿನವರ ಕಾರ್ಯಕ್ರಮಗಳಲ್ಲಿ ಹೆಣ್ಣುಮಕ್ಕಳಿಗೆ ಆಗುತ್ತಿದ್ದ ಕಿರುಕುಳವನ್ನು ನೋಡಿ ನೋಡಿ ಸಾಕಾಗಿ ಮಾಡಿದ ಕೆಲಸ ಅದು. ಸಂಸ್ಥೆ 2015ರಲ್ಲಿ ಮುಚ್ಚಿತು, ಅವರು ಹಾಕಿಕೊಟ್ಟ ದಾರಿ ಉಳಿಯಿತು. ವಿಕಿಪೀಡಿಯ ನಡೆಸುವ ವಿಕಿಮೀಡಿಯಾದವರು 2021ರಲ್ಲಿ ತಮ್ಮ ಎಲ್ಲ ಭಾಷೆಗಳಿಗೂ ಸೇರಿ ಒಂದೇ ನಡವಳಿಕೆ ನಿಯಮ ತಂದರು. ಕನ್ನಡ ವಿಕಿಪೀಡಿಯದವರು ಒಟ್ಟಿಗೆ ಕೂತು ಲೇಖನ ಬರೆಯುವ, ತಿದ್ದುವ ಸಂಪಾದನೋತ್ಸವಕ್ಕೂ ಅದು ಅನ್ವಯಿಸುತ್ತದೆ.

ಬರೆಯುವಾಗ ಒಂದು ಪುಟ ಸಾಕು. ಕನ್ನಡದಲ್ಲೂ ಇರಲಿ, ಇಂಗ್ಲಿಷಿನಲ್ಲೂ ಇರಲಿ. 'ಎಲ್ಲರನ್ನೂ ಗೌರವದಿಂದ ಕಾಣಿ' ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಏಕೆಂದರೆ ತಾನು ಗೌರವ ಕೊಡುತ್ತಿಲ್ಲ ಅಂತ ಯಾರೂ ಅಂದುಕೊಂಡಿರುವುದಿಲ್ಲ. ಬಿಡಿಸಿ ಬರೆಯಿರಿ. ಕೇಳದೆ ಮೈ ಮುಟ್ಟುವುದು, ಹಿಂದೆ ಹಿಂದೆ ಬರುವುದು, ಬೇಡ ಅಂದಮೇಲೂ ಕಾಫಿಗೆ ಕರೆಯುವುದು, ಮೈಬಣ್ಣ, ಮೈಕಟ್ಟಿನ ಬಗ್ಗೆ ಮಾತಾಡುವುದು, ಸ್ಲೈಡಿನಲ್ಲಿ ಅಶ್ಲೀಲ ಚಿತ್ರ ಹಾಕುವುದು, ಧರ್ಮ, ಭಾಷೆ, ಅಂಗವೈಕಲ್ಯ, ಲೈಂಗಿಕತೆಯನ್ನು ಹಿಡಿದು ಹಂಗಿಸುವುದು. ಇವುಗಳ ಜೊತೆ ಜಾತಿಯನ್ನೂ ಸೇರಿಸಿ. ಹೊರದೇಶದ ಮಾದರಿಗಳನ್ನು ಹಾಗೇ ಎತ್ತಿ ಹಾಕಿಕೊಂಡರೆ ಬಹಳ ಸಲ ಆ ಪದವೇ ಬಿಟ್ಟುಹೋಗಿರುತ್ತದೆ.

ಸಾಫ್ಟ್‌ವೇರ್ ಮೀಟಪ್‌ನಲ್ಲಿ ಜಾತಿ ಎಲ್ಲಿಂದ ಬರುತ್ತದೆ?

ಊಟದ ಸಾಲಿನಲ್ಲಿ ಬರುತ್ತದೆ. 'ನಿಮ್ಮ ಪೂರ್ತಿ ಹೆಸರೇನು?' ಅಂತ ಶುರುವಾಗುತ್ತದೆ. ಹೆಸರಿನಲ್ಲಿ ಗೊತ್ತಾಗದಿದ್ದರೆ 'ಯಾವ ಊರು?', ಅದರಲ್ಲೂ ತಿಳಿಯದಿದ್ದರೆ 'ಮನೆದೇವರು ಯಾವುದು?' ಕೇಳುವವರ ದನಿ ಬಲು ಪ್ರೀತಿಯದ್ದೇ ಆಗಿರುತ್ತದೆ. ಪಕ್ಕದಲ್ಲಿ ತಟ್ಟೆ ಹಿಡಿದು ನಿಂತವರಿಗೆ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಮೊದಲ ಪ್ರಶ್ನೆಗೇ ಗೊತ್ತಾಗಿರುತ್ತದೆ. ಕೆಲಸ, ಓದು, ಹಾಡು, ಕ್ರಿಕೆಟ್, ಮಳೆ, ಟ್ರಾಫಿಕ್ ಅಂತ ಮಾತಾಡಲು ಬೇಕಾದಷ್ಟಿದೆ. ಮನೆದೇವರ ಸುದ್ದಿ ಬೇಡ.

ಟ್ಯಾಗಿನ ಮೇಲೆ ಜನ ತಮ್ಮ ಹೆಸರನ್ನು ತಮಗೆ ಬೇಕಾದ ಹಾಗೆ ಬರೆದುಕೊಳ್ಳಲಿ. ಆಧಾರ್‌ನಲ್ಲಿ ಇರುವ ಹೆಸರೇ ಬೇಕು, ಕೊನೆ ಹೆಸರು ಕಡ್ಡಾಯ ಅಂತ ಫಾರ್ಮಿನಲ್ಲಿ ಹಾಕಬೇಡಿ. ಕನ್ನಡಿಗರಲ್ಲಿ ಎಷ್ಟೋ ಜನಕ್ಕೆ ಇನಿಷಿಯಲ್ ಬಿಟ್ಟರೆ ಕೊನೆ ಹೆಸರೇ ಇಲ್ಲ. ಊಟದ ಮೇಜಿನಲ್ಲಿ ಸಸ್ಯಾಹಾರ, ಮಾಂಸಾಹಾರ ಅಂತ ಚೀಟಿ ಇರಲಿ, ಕೂರುವ ಜಾಗ ಮಾತ್ರ ಒಂದೇ ಇರಲಿ.

ನಿಯಮ ಬರೆದು ಎಲ್ಲ ಬಾಗಿಲಿಗೂ ಅಂಟಿಸಿದ್ದೇವೆ. ಇಷ್ಟು ಸಾಕಲ್ವಾ?

ಸಾಲದು. ಇದನ್ನು ನಾನು ಕಷ್ಟಪಟ್ಟು ಕಲಿತೆ.

ಕೆಲವು ವರ್ಷದ ಹಿಂದೆ ನಾವೇ ನಡೆಸಿದ ಕಾರ್ಯಕ್ರಮ. ಚೆನ್ನಾಗಿ ಪ್ರಿಂಟ್ ಮಾಡಿಸಿದ ಪೋಸ್ಟರ್, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದು ಮೊಬೈಲ್ ನಂಬರ್. ಆ ಫೋನು ವೇದಿಕೆಯ ಹಿಂದಿನ ಕೋಣೆಯಲ್ಲಿ ಚಾರ್ಜಿಗೆ ಹಾಕಿತ್ತು, ಸೈಲೆಂಟ್‌ನಲ್ಲಿ. ಸಂಜೆ ಬ್ಯಾನರ್ ಸುತ್ತಿ, ವೈರುಗಳನ್ನು ಕಟ್ಟಿ, ಕೊನೆಗೆ ಫೋನು ತೆಗೆದು ನೋಡಿದರೆ ಒಂದೇ ನಂಬರಿನಿಂದ ಮೂರು ಮಿಸ್ಡ್ ಕಾಲ್. 2:10, 2:14, 2:31. ಆ ಹೊತ್ತಿಗೆ ನಾನು ಹಾಲಿನಲ್ಲಿ ಮೈಕು ಹಿಡಿದು ಓಡಾಡುತ್ತಿದ್ದೆ. ತಿರುಗಿ ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿದಳು. 'ಪರವಾಗಿಲ್ಲ ಮೇಡಂ, ಆಗಲೇ ಬಸ್ ಹತ್ತಿ ಬಂದ್ಬಿಟ್ಟೆ' ಅಂದಳು. ಏನಾಯಿತು ಅಂತ ಹೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಆಮೇಲೆ ಅವಳು ನಮ್ಮ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ.

ಅವತ್ತಿನಿಂದ ನಮ್ಮಲ್ಲಿ ಪದ್ಧತಿ ಬದಲಾಗಿದೆ. ದೂರು ಕೇಳಲು ಕಡಿಮೆ ಅಂದರೂ ಇಬ್ಬರು ಇರುತ್ತಾರೆ, ಅವರಲ್ಲಿ ಒಬ್ಬರಾದರೂ ಹೆಂಗಸು. ಅವರಿಗೆ ಅವತ್ತು ಬೇರೆ ಯಾವ ಕೆಲಸವನ್ನೂ ಕೊಡುವುದಿಲ್ಲ. ಮೈಕು ಹಿಡಿಯುವುದಿಲ್ಲ, ಊಟ ಬಡಿಸುವುದಿಲ್ಲ, ಸ್ಪೀಕರನ್ನು ಕರೆತರಲು ಹೋಗುವುದಿಲ್ಲ. ಫೋನು ಕೈಯಲ್ಲೇ ಇರುತ್ತದೆ. ಬೆಳಗ್ಗೆ ಸ್ವಾಗತ ಮಾಡುವಾಗ ಇಬ್ಬರನ್ನೂ ಎದ್ದು ನಿಲ್ಲಿಸಿ ಹೆಸರು ಹೇಳುತ್ತೇವೆ. ಕಣ್ಣಿಗೆ ಬೀಳುವ ಬಣ್ಣದ ಟೀಶರ್ಟ್ ಹಾಕಿಸುತ್ತೇವೆ. ಮುಖ ನೋಡಿದವರ ಹತ್ತಿರ ಹೋಗಿ ಮಾತಾಡುವುದು ಗೊತ್ತಿಲ್ಲದ ನಂಬರಿಗೆ ಫೋನ್ ಮಾಡುವುದಕ್ಕಿಂತ ಸುಲಭ.

ಯಾರಾದರೂ ಬಂದು 'ಹೀಗಾಯ್ತು' ಅಂದರೆ ಮೊದಲು ಏನು ಮಾಡಬೇಕು?

ಗಲಾಟೆ ಇಲ್ಲದ, ಆದರೆ ಬಾಗಿಲು ತೆರೆದಿರುವ ಕೋಣೆಗೆ ಕರೆದುಕೊಂಡು ಹೋಗಿ. ನೀರು ಕೊಡಿ. ಅವರ ಜೊತೆ ಬಂದ ಗೆಳತಿಯೋ ಗೆಳೆಯನೋ ಇದ್ದರೆ ಪಕ್ಕದಲ್ಲಿ ಕೂರಲಿ. ಆಮೇಲೆ ಕೇಳಿಸಿಕೊಳ್ಳಿ. ನಡುವೆ ಬಾಯಿ ಹಾಕಬೇಡಿ. 'ಅವರು ಹಾಗೆ ಮಾಡುವವರಲ್ಲ', 'ನೀವು ಯಾಕೆ ಅಲ್ಲಿಗೆ ಹೋದಿರಿ', 'ಅವರು ತಮಾಷೆಗೆ ಅಂದಿರಬಹುದು' ಅನ್ನುವ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. ಆ ಒಂದು ಮಾತಿಗೆ ಅವರು ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ.

ಕೇಳಿದ ಮೇಲೆ ಒಂದೇ ಪ್ರಶ್ನೆ: 'ಈಗ ನಿಮಗೆ ಏನಾಗಬೇಕು?' ಉತ್ತರ ಬೇರೆ ಬೇರೆ ಇರುತ್ತದೆ. ಒಬ್ಬರಿಗೆ ಆ ವ್ಯಕ್ತಿ ಹೊರಗೆ ಹೋಗಬೇಕು. ಇನ್ನೊಬ್ಬರಿಗೆ ಮನೆಗೆ ಹೋಗಲು ಒಂದು ಆಟೋ ಸಾಕು. ಮತ್ತೊಬ್ಬರಿಗೆ ಏನೂ ಬೇಡ, ಸುಮ್ನೆ ಯಾರಿಗಾದರೂ ಗೊತ್ತಿರಲಿ ಅಷ್ಟೇ. ಪೊಲೀಸರ ಹತ್ತಿರ ಹೋಗಬೇಕಾ ಬೇಡವಾ ಅನ್ನುವುದನ್ನು ದೂರು ತಂದವರು 18 ತುಂಬಿದವರಾದರೆ ಅವರೇ ತೀರ್ಮಾನಿಸಬೇಕು, ನಾವು ದೂಡಬಾರದು, ತಡೆಯಲೂ ಬಾರದು. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಯಾರನ್ನೂ ಕೇಳುತ್ತಾ ನಿಲ್ಲದೆ 112ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ 181 ಸಹಾಯವಾಣಿಯೂ ಇದೆ. ಬಂದವರು 18 ವರ್ಷ ತುಂಬದ ವಿದ್ಯಾರ್ಥಿಯಾಗಿದ್ದರೆ ಲೆಕ್ಕ ಬೇರೆ. ಆಗ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಬರುತ್ತದೆ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.

ಅವತ್ತೇ ಬರೆದಿಡಿ. ಯಾವಾಗ, ಎಲ್ಲಿ, ಯಾರು ಏನಂದರು, ಯಾರು ನೋಡಿದರು. ಅವರ ಮಾತಿನಲ್ಲೇ ಬರೆಯಿರಿ, ನಿಮ್ಮ ಅಭಿಪ್ರಾಯ ಸೇರಿಸಬೇಡಿ. ಓದಿ ಹೇಳಿ, ಸರಿ ಅಂದಮೇಲೆ ಇಟ್ಟುಕೊಳ್ಳಿ. ಸಂಘಟಕರ ವಾಟ್ಸ್ಯಾಪ್ ಗ್ರೂಪಿನಲ್ಲಿ ಮಾತ್ರ ಹಾಕಲೇಬೇಡಿ. ಹತ್ತು ಜನರ ಗ್ರೂಪಿನ ಸ್ಕ್ರೀನ್‌ಶಾಟ್ ರಾತ್ರಿಯೊಳಗೆ ಎಲ್ಲೆಲ್ಲಿಗೋ ಹೋಗಿರುತ್ತದೆ.

ಆರೋಪ ಬಂದವರ ಜೊತೆ ಇಬ್ಬರು ಹೋಗಿ ಬೇರೆ ಕಡೆ ಮಾತಾಡಬೇಕು. ಅವರ ಮಾತನ್ನೂ ಕೇಳಬೇಕು. ಇಬ್ಬರನ್ನೂ ಎದುರು ಬದುರು ಕೂರಿಸಿ 'ರಾಜಿ' ಮಾಡಿಸುವ ಊರ ಪಂಚಾಯ್ತಿ ಬೇಡ. ತಪ್ಪಿನ ತೂಕ ನೋಡಿಕೊಂಡು ಎಚ್ಚರಿಕೆ ಕೊಡುವುದು, ಹೊರಗೆ ಕಳಿಸುವುದು, ಭಾಷಣ ರದ್ದು ಮಾಡುವುದು, ಮುಂದೆ ಬರಬೇಡಿ ಅನ್ನುವುದು, ಇವೆಲ್ಲ ನಮ್ಮ ಕೈಯಲ್ಲಿದೆ. ಏನು ಮಾಡಿದಿರಿ ಅಂತ ದೂರು ಕೊಟ್ಟವರಿಗೆ ಅವತ್ತೇ ತಿಳಿಸಿ.

ಇದಕ್ಕೆ ಕಾನೂನು ಇದೆಯಲ್ಲ? ನಮ್ಮ ನಿಯಮ ಯಾಕೆ ಬೇಕು?

ಕಾನೂನು ಇದೆ, ಅದು ಬಂದ ದಾರಿಯೂ ಗೊತ್ತಿರಬೇಕು. ರಾಜಸ್ಥಾನದ ಭಂವರಿ ದೇವಿ ಸರ್ಕಾರದ ಕಾರ್ಯಕ್ರಮವೊಂದರಲ್ಲಿ ಹಳ್ಳಿಯ ಕಾರ್ಯಕರ್ತೆ. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆಕೆ ತನ್ನ ಕೆಲಸ ಮಾಡುತ್ತಿದ್ದಳು, ಅದಕ್ಕೇ ಹೀಗಾಯಿತು. ಅದರ ಬೆನ್ನಿಗೇ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯಲು ನಿಯಮ ಹಾಕಿಕೊಟ್ಟ ವಿಶಾಖಾ ತೀರ್ಪು ಬಂತು, 2013ರಲ್ಲಿ ಅದು ಕಾಯ್ದೆಯಾಯಿತು. ಕಂಪನಿಗಳಲ್ಲಿ 'ಪಾಶ್' ಅಂತ ಕರೆಯುವುದು ಅದನ್ನೇ.

ಆ ಕಾಯ್ದೆಯಲ್ಲಿ ಕೆಲಸದ ಸ್ಥಳ ಅಂದರೆ ಆಫೀಸಿನ ನಾಲ್ಕು ಗೋಡೆ ಅಷ್ಟೇ ಅಲ್ಲ. ಕೆಲಸದ ಸಲುವಾಗಿ ಹೋದ ಜಾಗ, ಅದಕ್ಕಾಗಿ ಕಂಪನಿ ಕೊಟ್ಟ ಗಾಡಿ, ಎಲ್ಲವೂ ಸೇರುತ್ತವೆ. ಕಂಪನಿ ಕಳಿಸಿದ್ದಕ್ಕೆ ಕಾನ್ಫರೆನ್ಸಿಗೆ ಬಂದ ಹೆಣ್ಣುಮಗಳು ಅಲ್ಲಿ ನಡೆದದ್ದರ ಬಗ್ಗೆ ಇಂಥ ದೂರು ವಿಚಾರಿಸುವ ತನ್ನ ಆಫೀಸಿನ ಆಂತರಿಕ ಸಮಿತಿಗೆ ಹೋಗಬಹುದು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರು ಇರುವ ಕಡೆ ಈ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಜಾಗವಾದರೆ, ಅಥವಾ ಆರೋಪ ಮಾಲೀಕರ ಮೇಲೇ ಇದ್ದರೆ, ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರುತ್ತದೆ. ಘಟನೆ ನಡೆದ 3 ತಿಂಗಳೊಳಗೆ ಬರೆದು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಸಮಯ ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಪೊಲೀಸರ ಹತ್ತಿರ ಹೋಗುವ ದಾರಿ ಬೇರೆಯೇ ಇದೆ. ಲೈಂಗಿಕ ಕಿರುಕುಳಕ್ಕೆ ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್, ಹಿಂಬಾಲಿಸಿ ಕಾಡುವುದಕ್ಕೆ 78.

ಆದರೆ 2013ರ ಕಾಯ್ದೆಯಲ್ಲಿ ದೂರು ಕೊಡಲು ಆಗುವುದು ಹೆಂಗಸರಿಗೆ ಮಾತ್ರ, ಅದೂ ಲೈಂಗಿಕ ಕಿರುಕುಳಕ್ಕೆ. ಕಿರುಕುಳಕ್ಕೆ ಒಳಗಾದ ಹುಡುಗನಿಗೆ, ಭಾಷೆಯ ಕಾರಣಕ್ಕೆ ಅವಮಾನ ಆದವರಿಗೆ ಅದರಲ್ಲಿ ಜಾಗ ಇಲ್ಲ. ಸಮಿತಿಯ ವಿಚಾರಣೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ನಿಮ್ಮ ಕಾರ್ಯಕ್ರಮ ಸಂಜೆ ಐದಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಆ ಜಾಗವನ್ನು ಎಲ್ಲರಿಗೂ ಸರಿ ಮಾಡುವುದು ನಿಮ್ಮ ನಿಯಮದ ಕೆಲಸ.

ಸುಳ್ಳು ದೂರು ಬಂದರೆ?

ಈ ಪ್ರಶ್ನೆ ಗಂಡಸರಿಂದ ಜಾಸ್ತಿ ಬರುತ್ತದೆ. ಭಯ ಅರ್ಥವಾಗುತ್ತದೆ, ಅದಕ್ಕೇ ಎರಡೂ ಕಡೆಯ ಮಾತು ಕೇಳಿ, ಬರೆದಿಡಿ ಅಂತ ಮೇಲೆ ಹೇಳಿದ್ದು. ಬೇಕೆಂದೇ ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮ ತೆಗೆದುಕೊಳ್ಳಲು ಕಾನೂನಿನಲ್ಲೂ ಅವಕಾಶ ಇದೆ. ಸಾಕ್ಷಿ ಸಿಗಲಿಲ್ಲ ಅಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. ನನ್ನ ಅನುಭವದಲ್ಲಿ, ಒಬ್ಬರು ಬಂದು ಹೇಳಿಕೊಳ್ಳಲು ಪಡುವ ಕಷ್ಟ ನೋಡಿದರೆ ಈ ಪ್ರಶ್ನೆ ಹಿಂದಕ್ಕೆ ಸರಿಯುತ್ತದೆ. ಮಾತು ಶುರು ಮಾಡುವ ಮೊದಲು ಎಷ್ಟು ಸಲ ಟ್ಯಾಗಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾರೆ ಅಂತ ಹತ್ತಿರ ಕೂತು ನೋಡಿದವರಿಗೆ ಗೊತ್ತು.

ಆರೋಪ ಬಂದಿದ್ದು ಮುಖ್ಯ ಭಾಷಣಕಾರರ ಮೇಲೆ. ಅಥವಾ ದುಡ್ಡು ಕೊಟ್ಟ ಪ್ರಾಯೋಜಕರ ಕಡೆಯವರ ಮೇಲೆ. ಏನು ಮಾಡುವುದು?

ಬೇರೆಯವರಿಗೆ ಏನು ಮಾಡುತ್ತಿದ್ದಿರೋ ಅದನ್ನೇ. ಇದನ್ನು ಆ ಹೊತ್ತಿನಲ್ಲಿ ತೀರ್ಮಾನಿಸಲು ಹೋದರೆ ಕೈಕಾಲು ನಡುಗುತ್ತದೆ. ಅದಕ್ಕೇ ಪ್ರಾಯೋಜಕರ ಜೊತೆ ಮಾಡಿಕೊಳ್ಳುವ ಒಪ್ಪಂದದಲ್ಲೇ ಒಂದು ಸಾಲು ಬರೆಸಿ: ನಿಯಮ ಮೀರಿದವರನ್ನು ಹೊರಗೆ ಕಳಿಸುತ್ತೇವೆ, ಹಣ ವಾಪಸ್ ಇಲ್ಲ. ಭಾಷಣಕಾರರಿಗೆ ಕಳಿಸುವ ಆಹ್ವಾನದಲ್ಲೂ ಇರಲಿ. ಅದಕ್ಕೆ ಸಹಿ ಹಾಕಲು ತಕರಾರು ತೆಗೆದವರು ಬರದಿದ್ದರೆ ನಷ್ಟವಿಲ್ಲ. ಒಂದು ಭಾಷಣ ತಪ್ಪಿದರೆ ಸಭೆಗೆ ಅರ್ಧ ಗಂಟೆ ಬಿಡುವು ಸಿಗುತ್ತದೆ. ಜನ ಚಹಾ ಕುಡಿದುಕೊಂಡು ಮಾತಾಡುತ್ತಾರೆ.

ದೂರು ಸಂಘಟಕರ ಮೇಲೇ ಬಂದರೆ ಯಾರಿಗೆ ಹೇಳಬೇಕು ಅಂತಲೂ ಬರೆದಿರಬೇಕು. ನಿಮ್ಮ ತಂಡಕ್ಕೆ ಸೇರದ ಹಿರಿಯರೊಬ್ಬರನ್ನು, ಸಾಧ್ಯವಾದರೆ ವಕೀಲರೊಬ್ಬರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಬಂದರೆ ಹೇಗೆ ಮಾತಾಡಿಸಬೇಕು ಅಂತ ಗೊತ್ತಾಗುವುದಿಲ್ಲ.

ಕನ್ನಡದಲ್ಲಿ ಇದು ಸುಲಭ. 'ನೀವು' ಇದೆ, 'ಅವರು' ಇದೆ. ಎರಡಕ್ಕೂ ಗಂಡು ಹೆಣ್ಣು ಭೇದವಿಲ್ಲ, ಜೊತೆಗೆ ಮರ್ಯಾದೆಯೂ ಬರುತ್ತದೆ. ಎಲ್ಲರಿಗೂ ಅದನ್ನೇ ಬಳಸಿ. ಸರ್, ಮೇಡಂ ಅನ್ನುವ ಬದಲು ಟ್ಯಾಗಿನ ಮೇಲಿರುವ ಹೆಸರು ಹೇಳಿ. ಹಳೆ ಹೆಸರೇನು, ಆಪರೇಷನ್ ಆಗಿದೆಯಾ ಅಂತ ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಶೌಚಾಲಯ ಯಾವುದು ಬಳಸಬೇಕು ಅನ್ನುವುದು ಅವರಿಗೆ ಬಿಟ್ಟ ವಿಷಯ. ಕಟ್ಟಡದಲ್ಲಿ ಒಂಟಿ ಶೌಚಾಲಯ ಇದ್ದರೆ 'ಯಾರು ಬೇಕಾದರೂ ಬಳಸಬಹುದು' ಅಂತ ಚೀಟಿ ಅಂಟಿಸಿ. ಮುಖ್ಯವಾಗಿ ಗೇಟಿನ ಸೆಕ್ಯುರಿಟಿಯವರಿಗೆ ಹಿಂದಿನ ದಿನವೇ ಹೇಳಿಡಿ. ನಾವು ಒಳಗೆ ಎಷ್ಟೇ ಚೆನ್ನಾಗಿ ನಡೆದುಕೊಂಡರೂ ಗೇಟಿನಲ್ಲಿ 'ಎಲ್ಲಿಗೆ?' ಅಂತ ಗದರಿಸಿದರೆ ಮುಗಿಯಿತು. ಸುಪ್ರೀಂ ಕೋರ್ಟು 2014ರಲ್ಲೇ ತಮ್ಮ ಲಿಂಗ ಯಾವುದು ಅಂತ ಹೇಳಿಕೊಳ್ಳುವ ಹಕ್ಕು ಅವರದೇ ಅಂದಿದೆ. ಸರ್ಕಾರಿ ಕೆಲಸದಲ್ಲಿ ಅವರಿಗೆ 1% ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು, 2021ರಲ್ಲಿ.

ವೀಲ್‌ಚೇರ್‌ನಲ್ಲಿ ಬರುವವರಿಗೆ ಲಿಫ್ಟ್ ಇದ್ದರೆ ಸಾಕಾ?

ಟೇಪು ಹಿಡಿದು ಹೋಗಿ ನೋಡಿ. ಲಿಫ್ಟ್ ಇರುತ್ತದೆ, ಲಿಫ್ಟಿಗೆ ಹೋಗಲು ಮೂರು ಮೆಟ್ಟಿಲು ಇರುತ್ತವೆ. ಬಾಗಿಲು 90 ಸೆಂಟಿಮೀಟರ್ ಅಗಲ ಇರಬೇಕು, ಶೌಚಾಲಯದ ಬಾಗಿಲೂ ಸೇರಿ. ಇಳಿಜಾರಿನ ಲೆಕ್ಕ ಸುಲಭ: 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಪೆಂಡಾಲಿನವರಿಗೆ 'ರ‍್ಯಾಂಪ್ ಹಾಕಿ' ಅಂದರೆ ನಾಲ್ಕು ಅಡಿಯ ಪ್ಲೈವುಡ್ ಹಲಗೆ ತಂದು ಎರಡು ಅಡಿಯ ವೇದಿಕೆಗೆ ಒರಗಿಸುತ್ತಾರೆ. ಅದರ ಮೇಲೆ ಹತ್ತಲು ಆಗುವುದಿಲ್ಲ. ಇಳಿಯುವುದಂತೂ ಅಪಾಯ. ಎರಡು ಅಡಿಗೆ 24 ಅಡಿ ಬೇಕು, ಹಾಲಿನಲ್ಲಿ ಅಷ್ಟು ಜಾಗ ಇರುವುದಿಲ್ಲ.

ನಾವು ಈಗ ಮಾಡುವುದು ಇಷ್ಟೇ. ಇನ್ನೂರು ಜನರ ಒಳಗಿನ ಸಭೆಗೆ ವೇದಿಕೆಯನ್ನೇ ಹಾಕಿಸುವುದಿಲ್ಲ. ಎಲ್ಲರೂ ನೆಲದ ಮೇಲೇ ನಿಂತೋ ಕೂತೋ ಮಾತಾಡುತ್ತಾರೆ. ಖರ್ಚೂ ಕಡಿಮೆ. ನಾಲ್ಕು ಜನ ಸೇರಿ ವೀಲ್‌ಚೇರನ್ನು ಎತ್ತಿ ವೇದಿಕೆಗೆ ಇಟ್ಟು ಚಪ್ಪಾಳೆ ಹೊಡೆಯುವುದನ್ನು ನಾನು ನೋಡಿದ್ದೇನೆ. ಕುರ್ಚಿಯಲ್ಲಿದ್ದವರು ಎರಡೂ ಕೈಯಿಂದ ಹಿಡಿಗಳನ್ನು ಗಟ್ಟಿಯಾಗಿ ಹಿಡಿದು ನೆಲ ನೋಡುತ್ತಿದ್ದರು. ಭಾಷಣಕ್ಕೆ ಮುಂಚೆ ಯಾರಿಗೂ ಹಾಗಾಗಬಾರದು.

ಬೇರೆ ಅಂಗವೈಕಲ್ಯಗಳಿಗೆ ಏನು ಮಾಡಬೇಕು?

1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇದ್ದವು, 2016ರ ಕಾಯ್ದೆಯಲ್ಲಿ 21. ಕಣ್ಣಿಗೆ ಕಾಣದವೇ ಬಹಳ. ಹಾಗಾಗಿ ಊಹೆ ಮಾಡಬೇಡಿ, ನೋಂದಣಿ ಫಾರ್ಮಿನಲ್ಲಿ 'ನಿಮಗೆ ಏನಾದರೂ ಅನುಕೂಲ ಬೇಕಾ?' ಅಂತ ಕೇಳಿ. ಕಾಯಿಲೆಯ ಹೆಸರು ಕೇಳಬೇಡಿ. ಬರೆದವರಿಗೆ ವಾರದ ಮೊದಲೇ ಫೋನ್ ಮಾಡಿ.

ಕಿವಿ ಕೇಳದವರಿಗೆ ಸಂಜ್ಞೆ ಭಾಷೆಯ ದುಭಾಷಿಗಳು ಬೇಕಾದರೆ ಒಬ್ಬರನ್ನಲ್ಲ, ಇಬ್ಬರನ್ನು ಕರೆಸಿ. ಇಡೀ ದಿನ ಒಬ್ಬರೇ ಕೈ ಆಡಿಸಲು ಆಗುವುದಿಲ್ಲ, ಅರ್ಧ ಗಂಟೆಯೊಳಗೆ ಬದಲಾಗುತ್ತಾರೆ. ಅವರ ಮೇಲೆ ಬೆಳಕು ಇರಲಿ. ಹಾಲಿನ ದೀಪ ಆರಿಸಿದರೆ ಅವರ ಕೈ ಕಾಣುವುದಿಲ್ಲ. ಕಣ್ಣು ಕಾಣದವರಿಗೆ ಸ್ಲೈಡುಗಳನ್ನು ಹಿಂದಿನ ದಿನವೇ ಕಳಿಸಿ. ಭಾಷಣ ಮಾಡುವವರು 'ಇಲ್ಲಿ ನೋಡಿ, ಇದು ಇದಕ್ಕಿಂತ ಜಾಸ್ತಿ' ಅನ್ನುವ ಬದಲು ಏನು ಯಾವುದಕ್ಕಿಂತ ಜಾಸ್ತಿ ಅಂತ ಬಾಯಿಬಿಟ್ಟು ಹೇಳಲಿ. ಇದರಿಂದ ಕೊನೆ ಸಾಲಿನವರಿಗೂ ಉಪಕಾರ. ಮಿಣಮಿಣ ಮಿಂಚುವ ಲೈಟು ಬೇಡ, ಮೂರ್ಛೆ ರೋಗ ಇರುವವರಿಗೆ ಅಪಾಯ. ಸದ್ದಿಲ್ಲದ ಒಂದು ಕೋಣೆ ಬಿಟ್ಟಿಡಿ. ಗದ್ದಲ ಸಹಿಸಲು ಆಗದವರು ಹತ್ತು ನಿಮಿಷ ಕೂತು ಬರುತ್ತಾರೆ.

ಎಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ. ಕನ್ನಡಕ್ಕೆ ಜಾಗ ಹೇಗೆ ಮಾಡುವುದು?

ಎಲ್ಲರನ್ನೂ ಒಳಗೊಳ್ಳುವ ಮಾತು ಬಂದಾಗ ಬೆಂಗಳೂರಿನ ಸಂಘಟಕರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನಗೆ ಇದು ತುಂಬ ಮುಖ್ಯ. ಹಾಸನದಿಂದಲೋ ಕೊಪ್ಪಳದಿಂದಲೋ ಬಂದು, ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಒಳ್ಳೆ ಕೋಡ್ ಬರೆಯುವ ಹುಡುಗಿಗೆ ಭಾಷಣ ಪೂರ್ತಿ ಅರ್ಥವಾಗುತ್ತದೆ. ಪ್ರಶ್ನೆ ಮಾತ್ರ ಮನಸ್ಸಿನಲ್ಲೇ ಉಳಿಯುತ್ತದೆ. ಮೈಕು ಕೈಗೆ ಬಂದಾಗ ಇನ್ನೂರು ಜನ ತಿರುಗಿ ನೋಡುತ್ತಾರೆ, ಮೊದಲ ವಾಕ್ಯ ತಡವರಿಸುತ್ತದೆ. ಮುಂದಿನ ಸಲ ಅವಳು ಕೈ ಎತ್ತುವುದಿಲ್ಲ.

ನಾವು ಎರಡು ಕೆಲಸ ಮಾಡಿದೆವು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಬಹುದು ಅಂದೆವು, ಯಾವ ಭಾಷೆಯಲ್ಲಾದರೂ. ನಿರೂಪಕರು ಅದನ್ನು ಮೊದಲು ಬರೆದ ಭಾಷೆಯಲ್ಲೇ ಓದಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಮೊದಲ ಸಲ ಡಬ್ಬಿಯಲ್ಲಿ ಹನ್ನೊಂದು ಚೀಟಿ ಸಿಕ್ಕವು, ಏಳು ಕನ್ನಡದಲ್ಲಿದ್ದವು. ಎರಡನೆಯದು, ದಿನಕ್ಕೆ ಒಂದಾದರೂ ಭಾಷಣ ಕನ್ನಡದಲ್ಲಿ ಇಟ್ಟೆವು. ಸರ್ವರ್, ಡೇಟಾಬೇಸ್ ಅನ್ನುವ ಪದಗಳು ಹಾಗೇ ಇರಲಿ, ಅವು ಈಗ ನಮ್ಮವೇ. ವಾಕ್ಯ ಕನ್ನಡದ್ದಾದರೆ ಸಾಕು. ಕನ್ನಡ ಬಾರದವರು ಇದ್ದರೆ ಅವರ ಪಕ್ಕ ಒಬ್ಬರು ಕೂತು ಮೆಲ್ಲಗೆ ಹೇಳಿಕೊಡಲಿ. ಯಾರ ಇಂಗ್ಲಿಷನ್ನೂ, ಯಾರ ಕನ್ನಡವನ್ನೂ, ಯಾವ ಊರಿನ ಮಾತಿನ ಧಾಟಿಯನ್ನೂ ಅಣಕಿಸುವ ಹಾಗಿಲ್ಲ ಅಂತ ನಿಯಮದಲ್ಲೇ ಬರೆದಿದ್ದೇವೆ.

ಹೆಣ್ಣುಮಕ್ಕಳು ನೋಂದಣಿ ಮಾಡುತ್ತಾರೆ, ಬರುವುದಿಲ್ಲ. ಯಾಕೆ?

ಸಮಯ ನೋಡಿ. ವಾರದ ದಿನ ಸಂಜೆ ಏಳಕ್ಕೆ ಇಟ್ಟರೆ ಹತ್ತಕ್ಕೆ ಮನೆಗೆ ಹೊರಡಬೇಕು. ಶನಿವಾರ ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ಇಟ್ಟರೆ ಅದೇ ಜನ ಬರುತ್ತಾರೆ. ಜಾಗ ಬಸ್‌ಸ್ಟಾಪಿಗೆ, ಮೆಟ್ರೋಗೆ ನಡೆದು ಹೋಗುವಷ್ಟು ಹತ್ತಿರ ಇರಲಿ. ಆ ದಾರಿಯನ್ನು ಕತ್ತಲಾದ ಮೇಲೆ ನೀವೇ ಒಮ್ಮೆ ನಡೆದು ನೋಡಿ, ಬೀದಿದೀಪ ಇದೆಯಾ ಅಂತ. ಜೂನ್ 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ತುಮಕೂರಿನಿಂದ, ರಾಮನಗರದಿಂದ ಬೆಳಗ್ಗೆ ಬಂದು ಸಂಜೆ ಹೋಗುವುದು ಈಗ ಕೈಗೆಟುಕುತ್ತದೆ. ಮೆಜೆಸ್ಟಿಕ್‌ಗೆ ಬಂದು ಇಳಿದವರು ಮತ್ತೆ ಮುನ್ನೂರು ರೂಪಾಯಿ ಕ್ಯಾಬಿಗೆ ಕೊಡಬೇಕಾದರೆ ಆ ಅನುಕೂಲ ಅಲ್ಲೇ ಮುಗಿಯಿತು.

ಶೌಚಾಲಯವನ್ನೂ ನೋಡಿ. ಚಿಲಕ ಬೀಳುತ್ತದಾ, ನೀರು ಬರುತ್ತದಾ, ಮುಚ್ಚಳ ಇರುವ ಕಸದ ಬುಟ್ಟಿ ಇದೆಯಾ. ಒಂದು ಪ್ಯಾಕೆಟ್ ಪ್ಯಾಡ್ ತಂದಿಡಿ.

ಚಿಕ್ಕ ಮಕ್ಕಳನ್ನು ಕರೆತರಬಹುದಾ?

ಕರೆತರಬಹುದು ಅಂತ ಆಹ್ವಾನದಲ್ಲೇ ಬರೆಯಿರಿ, ಅಪ್ಪಂದಿರಿಗೂ ಸೇರಿಸಿ. ಒಂದು ಚಾಪೆ, ಬಣ್ಣದ ಪೆನ್ಸಿಲ್ಲು, ನೋಡಿಕೊಳ್ಳಲು ನಂಬಿಕೆಯ ಒಬ್ಬರು ಸಾಕು. ಹಾಲೂಡಿಸಲು ಒಳಗಿನಿಂದ ಚಿಲಕ ಹಾಕುವ, ಫ್ಯಾನ್ ಇರುವ ಕೋಣೆ ಬೇಕು. ಮುರಿದ ಕುರ್ಚಿ ಪೇರಿಸಿಟ್ಟ ಸ್ಟೋರ್ ರೂಮನ್ನು ತೋರಿಸಿ 'ಇಲ್ಲಿ ಅಡ್ಜಸ್ಟ್ ಮಾಡ್ಕೊಳಿ' ಅನ್ನಬೇಡಿ.

ಒಳ್ಳೆ ಮಹಿಳಾ ಭಾಷಣಕಾರರು ಸಿಗುವುದಿಲ್ಲ. ಏನು ಮಾಡಲಿ?

ಬೇಗ ಕೇಳಿ. ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗ, ಪಟ್ಟಿಯಲ್ಲಿ ಎಲ್ಲರೂ ಗಂಡಸರೇ ಅಂತ ಕಂಡ ಮೇಲೆ ಫೋನ್ ಮಾಡಿದರೆ ಯಾರಿಗಾದರೂ ಯಾಕೆ ಕರೆಯುತ್ತಿದ್ದೀರಿ ಅಂತ ಗೊತ್ತಾಗುತ್ತದೆ. 'ಯಾವುದಾದರೂ ವಿಷಯ ಮಾತಾಡಿ' ಅನ್ನಬೇಡಿ. 'ಪೇಮೆಂಟ್ ಸಿಸ್ಟಮ್‌ನಲ್ಲಿ ನೀವು ಮಾಡಿದ ಕೆಲಸದ ಬಗ್ಗೆ ಮಾತಾಡಿ' ಅನ್ನಿ. ಹೆಣ್ಣುಮಕ್ಕಳನ್ನು ಕರೆದು 'ಮನೆ, ಆಫೀಸು ಎರಡನ್ನೂ ಹೇಗೆ ನಿಭಾಯಿಸುತ್ತೀರಿ' ಅಂತ ಕೇಳುವುದನ್ನು ಬಿಟ್ಟುಬಿಡಿ. ಭಾಷಣ ಮಾಡುತ್ತೇವೆ ಅಂತ ಬಂದ ಪ್ರಸ್ತಾವನೆಗಳನ್ನು ಹೆಸರು ಮುಚ್ಚಿ ಓದಿದರೆ ಆಯ್ಕೆಯೂ ಸುಧಾರಿಸುತ್ತದೆ. ಪ್ರಯಾಣದ ದುಡ್ಡನ್ನು ಮೊದಲೇ ಕೊಡಿ. 'ಬಿಲ್ ಕೊಡಿ, ಆಮೇಲೆ ಹಾಕುತ್ತೇವೆ' ಅಂದರೆ ಕೈಯಲ್ಲಿ ದುಡ್ಡಿರುವವರು ಮಾತ್ರ ಬರುತ್ತಾರೆ.

ಪಾರ್ಟಿ ಇಡಬಹುದಾ?

ಊಟ ಇಡಿ. ಪರಿಚಯ ಆಗುವುದು, ಕೆಲಸ ಸಿಗುವುದು ಪಬ್ಬಿನಲ್ಲೇ ಆದರೆ ಕುಡಿಯದವರು, ಕತ್ತಲಾಗುವ ಮೊದಲು ಮನೆ ಸೇರಬೇಕಾದವರು, ನಂಬಿಕೆಯ ಕಾರಣಕ್ಕೆ ಅಲ್ಲಿಗೆ ಬರದವರು ಎಲ್ಲರೂ ಹೊರಗುಳಿಯುತ್ತಾರೆ. ನಿಯಮ ಅಲ್ಲಿಗೂ ಅನ್ವಯಿಸುತ್ತದೆ ಅಂತ ಬರೆಯದಿದ್ದರೆ ಕಾರ್ಯಕ್ರಮ ಮುಗಿಯಿತು ಅಂದುಕೊಳ್ಳುತ್ತಾರೆ. ತಿಂಡಿಗಳ ಮುಂದೆ ಕಡಲೆಕಾಯಿ, ಗೋಡಂಬಿ, ಹಾಲು, ಈರುಳ್ಳಿ ಬೆಳ್ಳುಳ್ಳಿ ಇದೆಯಾ ಅಂತ ಚೀಟಿ ಇಡಿ. ರಂಜಾನ್ ತಿಂಗಳಾದರೆ ಉಪವಾಸ ಬಿಡುವ ಹೊತ್ತಿಗೆ ಖರ್ಜೂರ, ನೀರು ಇಟ್ಟಿರಿ.

ಫೋಟೋ ತೆಗೆಯುವುದಕ್ಕೂ ಕೇಳಬೇಕಾ?

ಕೇಳಬೇಕು. ಮನೆಯಲ್ಲಿ ಹೇಳದೆ ಬಂದವರು ಇರುತ್ತಾರೆ, ಯಾರಿಂದಲೋ ದೂರ ಇರಬೇಕಾದವರು ಇರುತ್ತಾರೆ. ಟ್ಯಾಗಿಗೆ ಎರಡು ಬಣ್ಣದ ದಾರ ಇಡಿ. ಕೆಂಪು ದಾರ ಹಾಕಿಕೊಂಡವರ ಫೋಟೋ ತೆಗೆಯುವ ಹಾಗಿಲ್ಲ. ಫೋಟೋಗ್ರಾಫರ್‌ಗೆ ಬೆಳಗ್ಗೆಯೇ ತೋರಿಸಿ ಹೇಳಿ.

ಆನ್‌ಲೈನ್ ಕಾರ್ಯಕ್ರಮಕ್ಕೆ?

ಇದೇ ನಿಯಮ. ಲಿಂಕನ್ನು ಎಲ್ಲ ಕಡೆ ಹಂಚಬೇಡಿ. ಚಾಟ್ ನೋಡಿಕೊಳ್ಳಲು, ಬೇಕಾದರೆ ಹೊರಹಾಕಲು ಒಬ್ಬರು ಇರಲಿ. ಕ್ಯಾಮೆರಾ ಹಾಕಿ ಅಂತ ಬಲವಂತ ಮಾಡಬೇಡಿ.

ಈ ಸಲ ಒಂದು ದೂರೂ ಬರಲಿಲ್ಲ. ಎಲ್ಲ ಸರಿ ಇತ್ತು ಅಂತ ಅಲ್ವಾ?

ಇರಬಹುದು, ಇಲ್ಲದಿರಲೂಬಹುದು. ಮಧ್ಯಾಹ್ನದ ಊಟದ ನಂತರ ಎದ್ದು ಹೋದವರು ಯಾರು, ಹೋದ ಸಲ ಬಂದು ಈ ಸಲ ಬಾರದವರು ಯಾರು ಅಂತ ಪಟ್ಟಿ ನೋಡಿ. ಹೆಸರು ಬರೆಯಬೇಕಿಲ್ಲದ ಒಂದು ಫಾರ್ಮ್ ಕಳಿಸಿ, 'ಯಾವ ಹೊತ್ತಿನಲ್ಲಾದರೂ ಇಲ್ಲಿಂದ ಹೊರಟುಬಿಡಬೇಕು ಅನ್ನಿಸಿತಾ?' ಅಂತ ಕೇಳಿ. ನಮಗೆ ಬಂದ ಒಳ್ಳೆ ಸಲಹೆಗಳಲ್ಲಿ ಹೆಚ್ಚಿನವು ಈ ಒಂದು ಪ್ರಶ್ನೆಗೆ ಸಿಕ್ಕ ಉತ್ತರಗಳು. ದೂರು ಬಂದಿದ್ದರೆ ಹೆಸರು,ಗುರುತು ಏನೂ ಹೇಳದೆ, ಎಷ್ಟು ಬಂದವು, ಏನು ಮಾಡಿದೆವು ಅಂತ ಎಲ್ಲರಿಗೂ ತಿಳಿಸಿ. ಮತ್ತೆ ಮುಂದಿನ ಸಲದ ಪೋಸ್ಟರನ್ನು ಪ್ರಿಂಟಿಗೆ ಕೊಡುವ ಮೊದಲು, ಅದರಲ್ಲಿರುವ ನಂಬರಿಗೆ ನೀವೇ ಒಮ್ಮೆ ಫೋನ್ ಮಾಡಿ, ಯಾರಾದರೂ ಎತ್ತುತ್ತಾರಾ ನೋಡಿ.